ಸುಮ್ಮನಿರುವ ಕಿಟಕಿ

ರಾಣೆಬೆನ್ನೂರಿನ ಬೀಜ ಪರೀಕ್ಷಾಲಯವೊಂದರ ದಾಖಲೆಗಳಿಗೆ ಬ್ಯಾಕಪ್ ಪ್ರೋಗ್ರಾಂ ಬರೆದವನು ನಾನೇ. ಅದರಲ್ಲಿ ಎರಡು ಪ್ರೋಗ್ರಾಂ. ಮೊದಲನೆಯದು ಪರದೆಯ ಮೇಲೆ ಕಪ್ಪು ಕಿಟಕಿಯಾಗಿ ತೆರೆದಿದ್ದು, ಮೆಮೊರಿಯಲ್ಲಿ ವರ್ಚುವಲ್ ಸಾಧನವೊಂದನ್ನು, ಅಂದರೆ ಕಂಪ್ಯೂಟರಿನೊಳಗಷ್ಟೇ ಇರುವ ಡ್ರೈವೊಂದನ್ನು, ಸೃಷ್ಟಿಸಿ ಕಾಯಬೇಕು. ರಾತ್ರಿ ಎರಡನೆಯದು ಆ ಸಾಧನವನ್ನು ತೆರೆದು, ಅದರ ಮೂಲಕ ದಾಖಲೆಗಳನ್ನು ಬೇರೆ ಡಿಸ್ಕಿಗೆ ಇಳಿಸಬೇಕು. ಮೊದಲನೆಯದನ್ನು ಮುಚ್ಚಿದರೆ ಸಾಧನವೇ ಇಲ್ಲ, ಬ್ಯಾಕಪ್ಪೂ ಇಲ್ಲ. ಇಷ್ಟನ್ನು ಅಲ್ಲಿನ ಕಂಪ್ಯೂಟರ್ ಆಪರೇಟರ್ ಅಕ್ಕನಿಗೆ ವಿವರಿಸಲು ಬೇಸರಪಟ್ಟು, "ಆ ಕಪ್ಪು ಕಿಟಕಿ ಏನೂ ಮಾಡಂಗಿಲ್ರಿ, ಸುಮ್ನ ಇರತೈತಿ" ಅಂದುಬಿಟ್ಟಿದ್ದೆ.

ಮೂಲ ಡಿಸ್ಕ್ ಕೆಟ್ಟ ದಿನ ನೋಡಿದರೆ ಬ್ಯಾಕಪ್ ಫೋಲ್ಡರ್ ಖಾಲಿ.

"ಏನೂ ಮಾಡಂಗಿಲ್ಲ ಅಂದಿದ್ರಲ್ರಿ? ದಿನಾ ಮನಿಗೆ ಹೋಗೋವಾಗ ನಾನ ಮುಚ್ಚತಿದ್ದೆ" ಅಂದಳು ಅಕ್ಕ.

ಯಾವ ಚೀಲದ ಬೀಜ ಎಷ್ಟು ಮೊಳೆಯಿತೆಂಬ ಫಲಿತಾಂಶಗಳೆಲ್ಲ ಹೋಗಿದ್ದವು. ಮತ್ತೆ ಪರೀಕ್ಷಿಸೋಣವೆಂದರೆ ಬೀಜವೂ ಉಳಿದಿರಲಿಲ್ಲ. ಹತ್ತಿರದ ಹಲಗೇರಿಯ ಹೊಲಗಳಲ್ಲಿ ಬಿತ್ತಿ ಮುಗಿದಿತ್ತು.