ರಾಗಿ ಬಣ್ಣದ ಮಿಲಿಟರಿ ಟ್ರಕ್ಕು

ನಮ್ಮಣ್ಣ ಸೈನ್ಯದಲ್ಲಿ ಟ್ರಕ್ ಓಡಿಸುತ್ತಿದ್ದ. ನಿವೃತ್ತನಾಗಿ ನಮ್ಮೂರು ಬೈರಾಪಟ್ಟಣಕ್ಕೆ ಬಂದವನು ತೆಂಗು, ಹಿಪ್ಪುನೇರಳೆ ನೋಡಿಕೊಂಡು ಇರುತ್ತಾನೆ ಅಂದುಕೊಂಡಿದ್ದೆವು. ಸ್ವಲ್ಪ ಕಾಲ ಹಾಗೇ ಇದ್ದ. ಆಮೇಲೆ ಒಂದು ದಿನ, ಸೈನ್ಯದವರು ಹರಾಜು ಹಾಕಿದ್ದ ಹಳೆಯ ಟ್ರಕ್ಕೊಂದನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದು ತೋಟದಲ್ಲಿ ಇಳಿಸಿದ. ಅದಕ್ಕೆ ಬಾಗಿಲಿರಲಿಲ್ಲ. ಬಾನೆಟ್ ಎತ್ತಿದರೆ ಒಳಗೆ ಇಲಿಯ ಗೂಡು.

"ಇವ್ರು ಮಿಲ್ಟ್ರಿ ಬುಟ್ಟು ಬಂದ್ರೂ ಮಿಲ್ಟ್ರಿ ಇವ್ರನ್ನ ಬುಡ್ನಿಲ್ವಲ್ಲ" ಎಂದು ಅತ್ತಿಗೆ ಹಣೆ ಚಚ್ಚಿಕೊಂಡರು.

ನಾನು ಚನ್ನಪಟ್ಟಣದಲ್ಲಿ ಹೈಸ್ಕೂಲ್ ಟೀಚರ್. ಭಾನುವಾರ ತವರಿಗೆ ಹೋದಾಗ ಅಣ್ಣನ ಕೈಗೆ ಸ್ಪ್ಯಾನರ್ ಎತ್ತಿ ಕೊಡುತ್ತಾ ಕೊಡುತ್ತಾ ನನಗೂ ಆ ಹುಚ್ಚು ಅಂಟಿತು. ಅವನು ಸೈನ್ಯಕ್ಕೆ ಸೇರಿದಾಗ ನಾನಿನ್ನೂ ಲಂಗ ತೊಡುವ ಹುಡುಗಿ. ರಜೆಗೆ ಬಂದರೆ ನೆಂಟನಂತೆ ಬಂದು ಹೋಗುತ್ತಿದ್ದ. ಅವನೊಡನೆ ಮನಸ್ಸು ಬಿಚ್ಚಿ ಮಾತಾಡಿದ್ದೇನಾದರೂ ಇದ್ದರೆ ಆ ಟ್ರಕ್ಕಿನಡಿ ಗೋಣಿಚೀಲ ಹಾಸಿಕೊಂಡು ಮಲಗಿದ್ದಾಗಲೇ.

ಹಳೆಯ ಪೆಟ್ರೋಲ್ ಇಂಜಿನ್ ಕೆಟ್ಟು ಹೋಗಿತ್ತು. ರಾಮನಗರದ ಗುಜರಿಯಿಂದ ಡೀಸೆಲ್ ಇಂಜಿನ್ ತಂದು ಕೂರಿಸಿದೆವು. ಅದು ಮೊದಲ ಸಲ ಸ್ಟಾರ್ಟ್ ಆದ ಬೆಳಿಗ್ಗೆ ತೋಟದ ಗಿಣಿಗಳೆಲ್ಲ ಗಾಬರಿಬಿದ್ದು ಹಾರಿದವು. ಅಣ್ಣ ಎಕ್ಸಲರೇಟರ್ ಒತ್ತುತ್ತಾ ಮಗುವಿನಂತೆ ನಗುತ್ತಿದ್ದ.

"ನಡಿಯಣ್ಣ, ಕಣ್ವ ಡ್ಯಾಮ್ ಗಂಟ ಹೋಗ್ಬರಣ" ಎಂದೆ.

"ಹಿಂಗೇನಾ? ಒಸಿ ತಡಿಯವ್ವ. ಬಾಗ್ಲು, ಬಣ್ಣ ಎಲ್ಲಾ ಆಗ್ಲಿ. ಆಮ್ಯಾಕೆ ಡ್ಯಾಮ್ ಏನು, ಹಿಮಾಲ್ಯುಕ್ಕೇ ಕರ್ಕೊಂಡೋಯ್ತೀನಿ."

ನನಗೂ ಅದೇ ಸರಿ ಅನ್ನಿಸಿತು. ಬಾಗಿಲಾಯಿತು. ಸ್ಟೀರಿಂಗ್ ಹಗುರ ಮಾಡಿದೆವು. ಹಿಂದೆ ಮಲಗಲು ಹಲಗೆಯ ಮಂಚ, ನೀರಿನ ಟ್ಯಾಂಕು. ಮಿಲಿಟರಿ ಹಸಿರನ್ನು ನಮ್ಮಂಥವರ ಗಾಡಿಗೆ ಬಳಿಯುವಂತಿಲ್ಲ. ಹಾಗಾಗಿ ಯಾವ ಬಣ್ಣವೆಂದು ಎಷ್ಟೋ ಭಾನುವಾರ ಜಗಳವಾಡಿ ಕೊನೆಗೆ ರಾಗಿ ಹಿಟ್ಟಿನ ಬಣ್ಣಕ್ಕೆ ಒಪ್ಪಿದೆವು. ಇಷ್ಟರಲ್ಲಿ ಮಾವಿನ ಸುಗ್ಗಿ ಬಂದು ಹೋಗಿ ಮತ್ತೆ ಬಂದಿತ್ತು.

ಲೈಟಿನ ವೈರ್ ಜೋಡಿಸುವಾಗ ಅಣ್ಣ, "ಕೆಂಪ್ಯಾವ್ದು ನೋಡವ್ವ, ಇಲ್ಲಿ ಬೆಳಕು ಸಾಲ್ದು" ಅನ್ನುತ್ತಿದ್ದ. ಆಗ ನಡುಮಧ್ಯಾಹ್ನ. ನಟ್ಟುಗಳನ್ನು ಬೆರಳಲ್ಲಿ ಸವರಿಯೇ ಗುರುತಿಸುತ್ತಿದ್ದ. ಪಳಗಿದ ಕೈ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ. ಅವನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತೆಂದು ನನಗೆ ಗೊತ್ತಾದದ್ದು ಆಮೇಲೆ. ಅದನ್ನು ಅವನು ಅತ್ತಿಗೆಗೂ ಹೇಳಿರಲಿಲ್ಲ.

ಎಲ್ಲ ಮುಗಿದ ದಿನ ಅತ್ತಿಗೆ ಗಾಡಿಗೆ ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣಿಟ್ಟು, ಬಾನೆಟ್ಟಿನ ಎದುರಿಗೆ ಕೈಮುಗಿದು ನಿಂತಿದ್ದರು. ಅಣ್ಣ ಹತ್ತಿ ಕೂತು ಸ್ಟಾರ್ಟ್ ಮಾಡಿ, ಗೇರಿನ ಮೇಲೆ ಕೈಯಿಟ್ಟ. ಗಾಡಿ ಕದಲಲಿಲ್ಲ. ನಾನು ಪಕ್ಕದ ಸೀಟಿನಿಂದ ಅವನತ್ತ ತಿರುಗಿದೆ.

"ನಿಮ್ಮತ್ಗೆ ಮುಂದ್ಗಡೆ ನಿಂತವ್ಳಾ, ಪಕ್ಕುಕ್ಕೋದ್ಳಾ?" ಎಂದು ಮೆಲ್ಲಗೆ ಕೇಳಿದ.

ಕೆಂಪು ಸೀರೆಯುಟ್ಟ ಅತ್ತಿಗೆ ಅವನ ಕಣ್ಣೆದುರಿಗೇ ಇದ್ದರು. ನಾನು ಗೇರಿನ ಮೇಲಿದ್ದ ಅವನ ಕೈ ಹಿಡಿದುಕೊಂಡೆ. ಅವನಿಗೆ ಅಷ್ಟೇ ಸಾಕಾಯಿತು. ಇಂಜಿನ್ ಆರಿಸಿ ಕೆಳಗಿಳಿದ.

"ನೀನೇ ಓಡ್ಸವ್ವ."

ಟ್ರ್ಯಾಕ್ಟರ್ ಓಡಿಸಿದ್ದ ಕೈ ನನ್ನದು. ಹೊಲದ ದಾರಿಯಲ್ಲಿ ಕೆರೆ ಏರಿಯವರೆಗೆ ಓಡಿಸಿದೆ. ಅಣ್ಣ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು, "ಈಗ ಎಲ್ಡ್ನೇ ಗೇರ್ ಹಾಕು" ಅನ್ನುತ್ತಿದ್ದ. ಏರಿಯ ಮೇಲೆ ನಿಲ್ಲಿಸಿದಾಗ, "ನೀರೈತಾ?" ಎಂದ.

"ತುಂಬೈತಣ್ಣ."

ಕಿಟಕಿಯಾಚೆ ಕೈ ಚಾಚಿ ಬಾಗಿಲು ಸವರಿದ. ಆಮೇಲೆ, "ಅವತ್ತೇ ಹೋಗ್ಬುಡ್ಬೇಕಿತ್ತು ಕಣವ್ವ. ಬಾಗ್ಲಿಲ್ದಿದ್ರೆ ಏನಾಯ್ತಿತ್ತು?" ಎಂದ.

ಆಸ್ಪತ್ರೆಗೆ ಓಡಾಡಿದೆವು. ಇದ್ದಷ್ಟು ದೃಷ್ಟಿ ಉಳಿಯಿತು, ಹೋದದ್ದು ಬರಲಿಲ್ಲ. ಕೆಲವು ಭಾನುವಾರ ನನ್ನ ಪಕ್ಕ ಕೂತು ಕೆರೆಯವರೆಗೆ ಬಂದ. ಬರಬರುತ್ತಾ ಸೊಂಟ ನೋವು ಎಂದು ನಿಲ್ಲಿಸಿದ. ನಾನೂ ಮತ್ತೆ ಕರೆಯಲಿಲ್ಲ.

ಹೋದ ಬೇಸಿಗೆಯಲ್ಲಿ ಮಾಗಡಿ ಕಡೆಯ ಗಂಡ ಹೆಂಡತಿ ಟ್ರಕ್ಕನ್ನು ಕೊಂಡುಕೊಂಡರು. ಊರೂರು ಸುತ್ತುವ ಆಸೆ ಅವರಿಗೆ. ಅಣ್ಣ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೊಂದೇ ಭಾಗ ಮುಟ್ಟಿ ತೋರಿಸಿ ವಿವರಿಸಿದ. ಗಾಡಿ ಹೊರಟಾಗ ಮಾತ್ರ ಮನೆಯೊಳಗಿದ್ದ.

ಭಾನುವಾರ ಈಗಲೂ ಹೋಗುತ್ತೇನೆ. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತೇವೆ. ಮಳೆ, ಹಿಪ್ಪುನೇರಳೆ ಸೊಪ್ಪು, ಸ್ಕೂಲು ಎಂದು ಒಂದೆರಡು ಮಾತಾಗುತ್ತದೆ. ಕೈಗೆ ಕೆಲಸವಿಲ್ಲದಿದ್ದರೆ ನಮ್ಮಿಬ್ಬರ ಮಾತು ಬೇಗ ಮುಗಿದುಹೋಗುತ್ತದೆ.