ದರ್ಜಿ ಅತ್ತಿಗೆಯ ಮಲಗಿದ ಗೆಡ್ಡೆಗಳು

ಮಳೆ ಆ ಊರಿಗೆ ಬರುವುದು ವರ್ಷಕ್ಕೆ ನಾಲ್ಕು ಸಲ, ಅದೂ ಅವಸರದ ನೆಂಟರ ಹಾಗೆ: ಹೇಳದೆ ಬಂದು, ಕೂರದೆ ಹೋಗಿಬಿಡುತ್ತದೆ. ಉಳಿದ ದಿನವೆಲ್ಲ ಬಿಸಿಲೇ. ಅಂಥ ಊರಿನ ಒಂದು ಓಣಿಯಲ್ಲಿ, ತಾರಸಿಯ ಮೇಲೆ, ದರ್ಜಿ ಅತ್ತಿಗೆ ಹಳೆಯ ಡಬ್ಬಗಳಲ್ಲಿ ಹೂವಿನ ಗೆಡ್ಡೆ ಬೆಳೆಸುತ್ತಾಳೆ. ಆಕೆ ನಿಜವಾಗಿ ಅತ್ತಿಗೆಯಾಗಬೇಕಾದದ್ದು ಒಬ್ಬನಿಗೇ, ಕೆಳಮನೆಯ ನಿವೃತ್ತ ಅಂಚೆಯಣ್ಣನಿಗೆ. ಆದರೆ ಈ ಮೈದುನ ಹೊತ್ತು ಗೊತ್ತಿಲ್ಲದೆ ‘ಅತ್ತಿಗೇ’ ಎಂದು ಕೂಗಿ ಕೂಗಿ ಇಡೀ ಓಣಿಗೇ ಆಕೆಯನ್ನು ಅತ್ತಿಗೆ ಮಾಡಿಬಿಟ್ಟಿದ್ದ.

ಶಾಲೆಯ ಸಮವಸ್ತ್ರ ಹೊಲಿದು ನಲವತ್ತು ವರ್ಷ ಪಳಗಿದ ಕೈ ಆಕೆಯದು. ಮಣ್ಣಿಗೂ ಅದೇ ಅಳತೆ: ಒಂದು ಪಾಲು ಮಣ್ಣು, ಎರಡು ಪಾಲು ಮರಳು, ಮೇಲೊಂದಿಷ್ಟು ಇಟ್ಟಿಗೆ ಚೂರು.

“ಗೆಡ್ಡೆ ನೆಡ್ತಿದೀರೋ, ಗೋಡೆ ಕಟ್ಟಿಸ್ತಿದೀರೋ?” ಎಂದು ಮೈದುನ ಕೇಳುತ್ತಿದ್ದ.

“ನಿನ್ನ ಬಾಯಿಗೊಂದು ಗೋಡೆ ಕಟ್ಟಿಸ್ಬೇಕು ಕಣಯ್ಯ.”

ಈ ಗೆಡ್ಡೆಗಳ ಸ್ವಭಾವವೇ ತಿರುಗುಮುರುಗು. ಚಳಿಗಾಲದಲ್ಲಿ ಎಲೆ ಬಿಟ್ಟು ಮೆರೆಯುತ್ತವೆ. ಬಿಸಿಲೇರಿದರೆ ಎಲೆ ಉದುರಿಸಿ ಮಣ್ಣಿನೊಳಗೆ ಮುಸುಕೆಳೆದು ಮಲಗುತ್ತವೆ. ಮೊದಲ ಮಳೆ ಬಿದ್ದಾಗ ಎಲೆಯಿಲ್ಲದ ಬೋಳು ಕಾಂಡ ಎದ್ದು ನಿಂತು ಹೂ ಬಿಡುತ್ತದೆ. ಮಲಗಿರುವಾಗ ನೀರು ಹಾಕಿದರೆ ಕೊಳೆತುಹೋಗುತ್ತವೆ. ಅದಕ್ಕೇ ಪ್ರತಿ ಡಬ್ಬದ ಮೇಲೂ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ‘ನೀರು ಬೇಕು’ ಅಥವಾ ‘ನೀರು ಬೇಡ’ ಎಂದು ಬರೆದಿಡುತ್ತಿದ್ದಳು.

ಆಕೆಯ ಜೀವವೆಲ್ಲ ಇದ್ದದ್ದು ಮೂಲೆಯ ಎಣ್ಣೆಡಬ್ಬದಲ್ಲಿ. ಏಳು ವರ್ಷದ ಹಿಂದೆ ಕೆಂಪು ಹೂವಿನ ಪರಾಗವನ್ನು ಬಿಳಿ ಹೂವಿಗೆ ತಾನೇ ಕುಂಚದಲ್ಲಿ ಸವರಿ, ಬಂದ ಬೀಜ ಬಿತ್ತಿದ್ದಳು. ಮೊಳೆತದ್ದು ಒಂದೇ. ಅದು ಈ ಸಲ ಮುಷ್ಟಿಗಾತ್ರವಾಗಿತ್ತು, ಅಂದರೆ ಹೂ ಬಿಡುವ ವಯಸ್ಸು. ಯಾವ ಬಣ್ಣವೋ, ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಲಗಿದ ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರಾಡುತ್ತಿದೆಯೇ ಎಂದು ನೋಡುವ ತಾಯಂದಿರಿದ್ದಾರಲ್ಲ, ಹಾಗೆ ದಿನಕ್ಕೆ ಹತ್ತು ಸಲ ಹೋಗಿ ಆ ಡಬ್ಬದೆದುರು ಕೂರುತ್ತಿದ್ದಳು. ಕೂತಾಗೆಲ್ಲ ಸೀರೆಯ ಅಂಚು ಡಬ್ಬಕ್ಕೆ ಉಜ್ಜುತ್ತಿತ್ತು. ಅದು ಮಾತ್ರ ಆಕೆಯ ಗಮನಕ್ಕೆ ಬರಲಿಲ್ಲ.

ನಡುಬೇಸಿಗೆಯಲ್ಲಿ, ಬೇರೆ ಊರಲ್ಲಿದ್ದ ಆಕೆಯ ತಂಗಿಗೆ ಮಂಡಿ ಆಪರೇಷನ್ ಆಯಿತು. ಮೂರು ವಾರ ಹೋಗಲೇಬೇಕು.

“ಎಲ್ಲಾ ಡಬ್ಬದ ಮೇಲೂ ಬರೆದಿದೀನಿ. ಓದ್ಕೊಂಡು ಮಾಡು, ನಿನ್ನ ತಲೆ ಓಡಿಸ್ಬೇಡ” ಎಂದಳು ಮೈದುನನಿಗೆ.

“ಅತ್ತಿಗೇ, ಮಳೇಲಿ ನೆಂದು ಅರ್ಧ ಅಳಿಸಿಹೋದ ವಿಳಾಸಾನೂ ಓದಿ ಕಾಗದ ಮುಟ್ಟಿಸಿದೋನು ನಾನು. ನಂಗೇ ಓದೋದು ಹೇಳ್ಕೊಡ್ತೀರಾ?”

ಅಲ್ಲೇ ಎಡವಟ್ಟಾಯಿತು. ಮೂಲೆಯ ಡಬ್ಬದ ಮೇಲೆ ಉಳಿದದ್ದು ‘ನೀರು ಬೇ’ ಇಷ್ಟೇ. ಬೇರೆ ಯಾರಾದರೂ ಆಗಿದ್ದರೆ ಫೋನು ಮಾಡಿ ಕೇಳುತ್ತಿದ್ದರು. ಅಂಚೆಯಣ್ಣನಿಗೆ ಅದು ಮರ್ಯಾದೆಯ ಪ್ರಶ್ನೆ. ಸುಡುವ ಬಿಸಿಲು, ಒಣಗಿ ಬಿರಿದ ಮಣ್ಣು. ಇಂಥ ಹೊತ್ತಲ್ಲಿ ‘ಬೇ’ ಎಂದರೆ ‘ಬೇಕು’ ಅಲ್ಲದೆ ಇನ್ನೇನು? ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು, ಒಂದು ಹೊತ್ತೂ ತಪ್ಪಿಸದೆ ಹಾಕಿದ. ಅತ್ತಿಗೆ ಫೋನಿನಲ್ಲಿ “ಮೂಲೆ ಡಬ್ಬ ಹೇಗಿದೆ?” ಎಂದು ಕೇಳಿದಾಗೆಲ್ಲ, “ತಣ್ಣಗಿದೆ!” ಎಂದ ಹೆಮ್ಮೆಯಿಂದ. ನೆರಳಿಗೆ ಸರಿಸಿರಬೇಕು ಎಂದುಕೊಂಡು ಆಕೆಯೂ ತಣ್ಣಗಾದಳು.

ವಾಪಸು ಬಂದವಳು ಚೀಲ ಇಳಿಸದೆ ತಾರಸಿಗೆ ಹತ್ತಿದಳು. ಡಬ್ಬದಿಂದ ಹಳಸಲು ವಾಸನೆ ಬರುತ್ತಿತ್ತು. ಬೆರಳು ಊರಿದರೆ ಗೆಡ್ಡೆ ಮೆತ್ತಗೆ ಒಳಕ್ಕೆ ಹೋಯಿತು. ಬೈಯುವವಳು ಬೈಯದೆ ನಿಂತಾಗಲೇ, ಹಿಂದೆಯೇ ಹತ್ತಿ ಬಂದಿದ್ದ ಮೈದುನನಿಗೆ ಗೊತ್ತಾಯಿತು. “ಬೇಡ ಅಂತಿತ್ತಾ?” ಎಂದ, ಕೇಳಿಸಿಯೂ ಕೇಳಿಸದ ಹಾಗೆ.

ಆಕೆ ಗೆಡ್ಡೆಯನ್ನು ಹೊಲಿಗೆಯಂತ್ರದ ಹಲಗೆಯ ಮೇಲಿಟ್ಟು, ಹೊಲಿಗೆ ಬಿಚ್ಚುವ ಬ್ಲೇಡಿನಿಂದ ಕೊಳೆತ ಸಿಪ್ಪೆಯನ್ನು ಪದರ ಪದರವಾಗಿ ಬಿಡಿಸುತ್ತ ಹೋದಳು. ಮುಷ್ಟಿಗಾತ್ರದ್ದು ನಿಂಬೆಗಾತ್ರಕ್ಕೆ ಬಂತು. ಕಡೆಗೆ ಬೇರು ಹುಟ್ಟುವ ಬುಡ ಉಗುರಿಗೆ ಗಟ್ಟಿಯಾಗಿ ಸಿಕ್ಕಿತು. “ಜೀವ ಇದೆ” ಎಂದಳು. ಗಂಧಕದ ಪುಡಿ ಸವರಿ, ನೆರಳಲ್ಲಿ ಹತ್ತು ದಿನ ಒಣಗಿಸಿ, ಬರೀ ಮರಳಿನಲ್ಲಿ ಊರಿದಳು. ಈಗ ಕಾಯುವುದಷ್ಟೇ. ಮೈದುನ ಆ ದಿನಗಳಲ್ಲಿ ಕೈಯಲ್ಲಿ ಚೊಂಬು ಹಿಡಿದು ಮೆಟ್ಟಿಲ ಕಡೆ ಸುಳಿಯಲಿಲ್ಲ. ಕುಡಿಯುವ ನೀರನ್ನೂ ಕೆಳಗೇ ಕುಡಿದ.

ಮೊದಲ ಮಳೆ ಬಂತು, ಹೋಯಿತು. ಬೇರೆ ಡಬ್ಬಗಳಲ್ಲಿ ಕಾಂಡಗಳು ದಡದಡ ಎದ್ದವು. ಮೂಲೆಯದು ಅಲುಗಲಿಲ್ಲ. ಇಪ್ಪತ್ತನೇ ದಿನ ಮರಳು ಸೀಳಿತು. ಗೇಣುದ್ದ ಬೆಳೆಯಬೇಕಾದ ಕಾಂಡ ನಾಲ್ಕು ಬೆರಳಿಗೇ ನಿಂತು, ಒಂದೇ ಒಂದು ಹೂ ಬಿಟ್ಟಿತು. ಕೆಂಪಲ್ಲ, ಬಿಳಿಯಲ್ಲ. ಕೆಂಪು ಬಟ್ಟೆಯ ಜೊತೆ ಬಿಳಿಯದನ್ನು ನೆನೆಹಾಕಿದರೆ ಅಲ್ಲಲ್ಲಿ ಬಣ್ಣ ಹತ್ತುತ್ತದಲ್ಲ, ಥೇಟ್ ಅದೇ ಗುಲಾಬಿ!

“ನಲವತ್ತು ವರ್ಷ ಗಿರಾಕಿಗಳಿಗೆ ಎರಡನ್ನೂ ಒಟ್ಟಿಗೆ ಒಗೀಬೇಡಿ ಅಂತ ಬಡ್ಕೊಂಡೆ. ಈಗ ನಾನೇ ಒಗೆದಿಟ್ಟೆ ನೋಡು!” ಎಂದು ದರ್ಜಿ ಅತ್ತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೈದುನ ದೂರದಲ್ಲೇ ನಿಂತಿದ್ದ. “ಬಾರಯ್ಯ, ಹೂ ಕಚ್ಚಲ್ಲ” ಎಂದು ಕರೆದು, ಅವನ ಕೈಗೆ ಕುಂಚ ಕೊಟ್ಟು ಪರಾಗ ಸವರಿಸಿದಳು.

“ಇದರ ಬೀಜ ಹೂವಾಗೋಕೆ ಎಷ್ಟು ದಿನ ಅತ್ತಿಗೇ?”

“ಇನ್ನೊಂದು ಏಳು ವರ್ಷ.”

“ಅಯ್ಯೋ, ಅಲ್ಲೀವರೆಗೂ ನಾನಿರ್ತೀನಾ?”

“ಇರ್ಲೇಬೇಕು. ನಾನು ಊರಿಗೆ ಹೋದಾಗೆಲ್ಲ ನೀರು ಹಾಕ್ದೆ ಇರೋಕೆ ಒಬ್ಬರು ಬೇಕಲ್ಲ!”