ಶರಣಪ್ಪನ ಅರ್ಜಿಯಲ್ಲಿ ಸುಟ್ಟ ಮನೆ

ನಾರಾಯಣಪೇಟೆ ಜಿಲ್ಲೆಯಾಗಿ ನಾಲ್ಕೈದು ವರ್ಷ ಕಳೆದಿತ್ತು. ಆಗ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಅಂಗಡಿ: ಪಾಸ್‌ಪೋರ್ಟ್ ಅರ್ಜಿ, ವೀಸಾ ಕಾಗದ, ಟಿಕೆಟ್, ಜೆರಾಕ್ಸ್. ಅದಕ್ಕೂ ಮೊದಲು ಹದಿನಾರು ವರ್ಷ ಸೀರೆ ಗಂಟು ಹೊತ್ತು ಮಕ್ತಲ್, ಗದ್ವಾಲ, ರಾಯಚೂರು ತಿರುಗಿದವನು ನಾನು. ಓದಿದ್ದು ಏಳನೇ ಕ್ಲಾಸು. ಉಳಿದದ್ದೆಲ್ಲ ವ್ಯಾಪಾರವೇ ಕಲಿಸಿತು. ಸೀರೆ ವ್ಯಾಪಾರದಲ್ಲಿ ಮೊದಲ ಮಾತು ಯಾವತ್ತೂ ಕೊನೆಯ ಮಾತಲ್ಲ. ನೀವು ಏರಿಸಿ ಹೇಳುತ್ತೀರಿ, ಎದುರಿನವನು ಇಳಿಸುತ್ತಾನೆ, ಇಬ್ಬರಿಗೂ ಮೊದಲೇ ಗೊತ್ತಿದ್ದ ಜಾಗಕ್ಕೆ ಬಂದು ನಿಲ್ಲುತ್ತೀರಿ. ಇದನ್ನು ನಮ್ಮ ಕಡೆ ಯಾರೂ ಸುಳ್ಳು ಅನ್ನುವುದಿಲ್ಲ. ಇನ್ನೊಂದು ರೂಢಿ: ಬೆಲೆ ಮಾತಾಡುವಾಗ ಸೀರೆ ನೇಯ್ದ ಹೆಂಗಸನ್ನು ಕರೆಯುವುದಿಲ್ಲ. ಗಂಡಸರೇ ಕೂತು ಮುಗಿಸುತ್ತಾರೆ.

ಮಕ್ತಲ್‌ನ ಶರಣಪ್ಪ ಮಗ್ಗದವನು. ಗದ್ವಾಲದ ಪದ್ಮಳನ್ನು ಮದುವೆಯಾದ. ಜಾತಿ ಬೇರೆ. ಪದ್ಮಳ ಅಣ್ಣ ಜನ ಕಟ್ಟಿಕೊಂಡು ಬಂದು ಅವನ ಬಲಗೈ ಮುರಿದು, ಮುಂದಿನ ಸಲ ಜೀವ ಉಳಿಯುವುದಿಲ್ಲ ಎಂದು ಹೇಳಿ ಹೋದ. ಕೈ ಕೂಡಿತು, ಆದರೆ ಆ ಕೈಗೆ ಮತ್ತೆ ಲಾಳಿ ಒಗ್ಗಲಿಲ್ಲ. ಹೋಟೆಲಿನ ಅಡುಗೆಮನೆ ಕೆಲಸಕ್ಕೆಂದು ಅವನಿಗೆ ವೀಸಾ ಮಾಡಿಸಿಕೊಟ್ಟವನು ನಾನೇ. ದೇಶದ ಹೆಸರು ಇಲ್ಲಿ ಬೇಡ. ಅಲ್ಲಿ ಅವನು ಅಸೈಲಂ ಕೇಳಿದ. ಅಂದರೆ, ನನ್ನ ದೇಶಕ್ಕೆ ಹೋದರೆ ನನ್ನ ಜೀವಕ್ಕೆ ಅಪಾಯವಿದೆ, ಇಲ್ಲೇ ಇರಲು ಬಿಡಿ ಎಂಬ ಅರ್ಜಿ. ಸಿಕ್ಕರೆ ಹೆಂಡತಿಯನ್ನೂ ಕರೆಸಿಕೊಳ್ಳಬಹುದು. ಅವನು ಹೋಗುವಾಗ ಪದ್ಮ ಬಸುರಿ. ಮಗಳು ಹುಟ್ಟಿದ್ದನ್ನು ಅವನು ನೋಡಿದ್ದು ಫೋನಿನಲ್ಲಿ.

ಇಂಟರ್‌ವ್ಯೂಗೆ ಮುಂಚೆ ನನಗೇ ಫೋನ್ ಮಾಡಿದ. “ಏನಂತ ಹೇಳ್ಲಿ ಅಣ್ಣಾರ?”

“ಬರೇ ಕೈ ಮುರಿದ್ರು ಅಂದ್ರ ಅದ್ರಾಗೂ ಅರ್ಧ ಇಳಸ್ತಾರ. ಮನಿಗೂ ಬೆಂಕಿ ಹಚ್ಚಿದ್ರು ಅನ್ನು.”

“ಹಚ್ಚಿಲ್ಲಲ್ರೀ.”

“ನೀ ಇಲ್ಲೇ ಇದ್ದಿದ್ರ ಹಚ್ಚತಿದ್ದಿಲ್ಲೇನು?”

“ಹಚ್ಚತಿದ್ರು ಬಿಡ್ರಿ” ಎಂದ.

ಹೇಳಿದ. ಬರೆದುಕೊಂಡರು. ಕೆಲವು ತಿಂಗಳ ಮೇಲೆ ಹೆಂಡತಿಯ ಹೇಳಿಕೆ ಬೇಕೆಂದರು. ವಿಡಿಯೋ ಕಾಲ್ ನನ್ನ ಅಂಗಡಿಯಲ್ಲೇ. ಅವಳಿಗೆ ಬೆಂಕಿಯ ಮಾತು ತಿಳಿಸಬೇಕೆಂದು ನನಗೂ ಹೊಳೆದಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ. ಆ ಕಡೆಯ ದುಭಾಷಿ ತೆಲುಗಿನಲ್ಲಿ ಕೇಳಿದ: ಮನೆ ಸುಟ್ಟಾಗ ನೀವು ಎಲ್ಲಿದ್ದಿರಿ? ನಾನು ಕ್ಯಾಮೆರಾಕ್ಕೆ ಕಾಣದಂತೆ ನಿಂತು, ಸುಟ್ಟಿತು ಎನ್ನು ಎಂಬಂತೆ ತಲೆಯಾಡಿಸಿದೆ. ಪದ್ಮ ನನ್ನ ಕಡೆ ನೋಡಲಿಲ್ಲ. ಮನೆ ಸುಟ್ಟಿಲ್ಲ ಎಂದಳು. ಕೈ ಮುರಿದದ್ದನ್ನು ಮಾತ್ರ, ಮಗ್ಗದ ಯಾವ ಕಡೆ ಬಿದ್ದ, ಯಾರು ಹಿಡಿದರು, ಯಾರು ಹೊಡೆದರು ಎಂದು ಒಂದೂ ಬಿಡದೆ ಹೇಳಿದಳು.

ಕಾಲ್ ಮುಗಿದ ಮೇಲೆ, “ಬೆಂಕಿ ಬಗ್ಗೆ ಯಾಕ ಕೇಳಿದ್ರು ಅಣ್ಣಾ?” ಎಂದಳು.

“ಏನೋ ತಪ್ಪು ತಿಳ್ಕೊಂಡಾರ ಬಿಡವ್ವ” ಎಂದೆ.

ತೀರ್ಪಿನಲ್ಲಿ ಎರಡು ಭಾಗ ಇದ್ದವು. ಅರ್ಜಿದಾರ ಸುಳ್ಳು ಹೇಳಿದ್ದಾನೆ, ಆಶ್ರಯ ಇಲ್ಲ. ಆದರೆ ಎಕ್ಸ್‌ರೇ ಮತ್ತು ಹೆಂಡತಿಯ ಮಾತು ನೋಡಿದರೆ ಜೀವಭಯ ನಿಜ, ಆದ್ದರಿಂದ ಅವನ ದೇಶಕ್ಕೂ ಕಳಿಸುವಂತಿಲ್ಲ. ಇಂಥವರನ್ನು ಅವರು ತಮ್ಮೊಂದಿಗೆ ಕರಾರು ಮಾಡಿಕೊಂಡ ಮೂರನೆಯ ದೇಶಕ್ಕೆ ಕಳಿಸುತ್ತಾರೆ. ಥರ್ಡ್ ಕಂಟ್ರಿ ಅನ್ನುತ್ತಾರೆ. ಶರಣಪ್ಪ ಆ ದೇಶದ ಹೆಸರನ್ನೇ ಕೇಳಿರಲಿಲ್ಲ.

“ವಿಮಾನ ಇಳಿದ ಮ್ಯಾಲೆ ಬೋರ್ಡ್ ಓದಿ ತಿಳ್ಕೊಂಡೆ ಅಣ್ಣಾರ” ಎಂದ ಮೊದಲ ಫೋನಿನಲ್ಲಿ. “ಇಲ್ಲಿ ಬೈದ್ರೂ ತಿಳಿಯಂಗಿಲ್ರೀ. ಆರಾಮ ಐತಿ.” ನಕ್ಕ. ಇರಲು ಒಂದು ಕೋಣೆ ಕೊಟ್ಟಿದ್ದರು, ಕೆಲಸ ಮಾಡಲು ಕಾಗದ ಕೊಟ್ಟಿರಲಿಲ್ಲ. ಎಷ್ಟು ದಿನ ಎಂದು ಹೇಳುವವರಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳಲು ಅಲ್ಲಿ ದಾರಿಯೇ ಇಲ್ಲ. ಒಂದು ದಿನ ಹೇಳಿದ: “ಕೂತಲ್ಲೇ ಕಾಲು ಮಗ್ಗ ತುಳೀತಾವ್ರೀ. ಬಾಜೂ ಮಂಚದವ ನನಗ ಏನೋ ರೋಗ ಐತಿ ಅಂತ ಮಂಚ ಆ ಕಡೆ ಎಳ್ಕೊಂಡ.”

ನನಗೆ ತಡೆಯಲಾಗಲಿಲ್ಲ. ಶರಣಪ್ಪ ತಾನಾಗಿ ಊರಿಗೆ ಮರಳಿದರೆ ಯಾರೂ ಮುಟ್ಟದಂತೆ ಮಾತಿನಲ್ಲಿ ಕುದುರಿಸಿದರಾಯಿತು ಎಂದು ಗದ್ವಾಲಕ್ಕೆ ಹೋದೆ. ಪದ್ಮಳ ಅಣ್ಣ ಸೀರೆ ವ್ಯಾಪಾರಿ, ನನಗೆ ಹಳೆಯ ಪರಿಚಯ. ಕೂರಿಸಿ ಚಹಾ ತರಿಸಿದ. ನಾನು ಮಾತು ತೆಗೆಯುತ್ತಿದ್ದಂತೆಯೇ, “ಬರ್ಲಿ ಬಿಡಣ್ಣ, ನಮ್ಮ ತಂಗಿ ಗಂಡ ಅಲ್ಲೇನು?” ಎಂದ.

ಇಷ್ಟು ಬೇಗ ಯಾರೂ ಒಪ್ಪುವುದಿಲ್ಲ. “ಇದು ಮೊದಲ ಮಾತೋ ಕಡೀ ಮಾತೋ?” ಎಂದು ಕೇಳಿದೆ.

ಅವನು ನಕ್ಕ. “ವ್ಯಾಪಾರ ನೀನೇ ಕಲಿಸಿದ್ದಲ್ಲೇನಣ್ಣ?”

ಮರುದಿನ ಶರಣಪ್ಪನ ಫೋನ್ ಬಂದಾಗ ಪದ್ಮ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅಂಗಡಿಯಲ್ಲೇ ಕೂತಿದ್ದಳು. “ಬರ್ಲೇನ್ರಿ ಅಣ್ಣಾರ?” ಎಂದ. ಹತ್ತಾರು ಮಂದಿಗೆ ಹೋಗು, ಬಾ ಎಂದು ಹೇಳಿದ ಬಾಯಿ ನನ್ನದು. ಬಾ ಎಂದರೆ ಇಬ್ಬರೂ ಅಂದು ಖುಷಿಪಡುತ್ತಿದ್ದರು.

“ಅವನ ಮಾತಿನ ಮ್ಯಾಲೆ ನನಗ ನಂಬಿಕಿ ಬರಲಿಲ್ಲಪ್ಪ. ಬರಬ್ಯಾಡ.”

ಪದ್ಮ ಮಗುವಿನ ಅಂಗಿ ಸರಿಮಾಡಿದಳು. ಆಗ ಅವಳಿಗೆ ಬೆಂಕಿಯ ಮಾತು ನನ್ನದೆಂದು ಹೇಳಿದೆ.

“ನನಗ ಒಂದು ಮಾತು ಕೇಳಿದ್ರ ಆಗತಿತ್ತು” ಎಂದಳು. ಆಮೇಲೆ, “ಬರೀರಿ. ಈಗ ಹೇಳಿದ್ದನ್ನೇ ಬರೀರಿ.”

ಅವನು ಮೊದಲು ಅರ್ಜಿ ಹಾಕಿದ ದೇಶದ ವಕೀಲರನ್ನು ವಿಚಾರಿಸಿದೆ. ನಾನು ಒಪ್ಪಿ ಅಫಿಡವಿಟ್, ಅಂದರೆ ಪ್ರಮಾಣಪತ್ರ ಕೊಟ್ಟರೆ ಕೇಸನ್ನು ಮತ್ತೆ ತೆರೆಯಲು ಕೇಳಬಹುದು, ಗ್ಯಾರಂಟಿ ಇಲ್ಲ ಎಂದರು. ಇಂಥ ಕಾಗದ ಹೊರಗೆ ಬಂದರೆ ನನ್ನ ಅಂಗಡಿಯ ಗತಿ ಏನೆಂದು ನನಗೆ ತಿಳಿಯದ್ದಲ್ಲ. ಬರೆದೆ. ಕಳಿಸಿ ಒಂಬತ್ತು ತಿಂಗಳಾಯಿತು, ಉತ್ತರ ಬಂದಿಲ್ಲ.

ಬುದ್ಧಿ ಹೇಳುವ ಚಟ ನನಗಿನ್ನೂ ಹೋಗಿಲ್ಲ, ಆದ್ದರಿಂದ ಹೇಳುತ್ತೇನೆ. ಜೀವದ ಅರ್ಜಿಯನ್ನು ಅಂಗಡಿಯ ಬೆಲೆಯಂತೆ ಏರಿಸಬೇಡಿ. ಆ ಕಡೆ ಕೂತವನು ಇಳಿಸಲು ಕೂತಿರುವುದಿಲ್ಲ, ತಾಳೆ ನೋಡಲು ಕೂತಿರುತ್ತಾನೆ. ಈಗ ಗಂಡಸರು ಅರ್ಜಿ ಬರೆಸಲು ಬಂದರೆ ಹೆಂಡತಿಯನ್ನೂ ಕರೆತನ್ನಿ ಎನ್ನುತ್ತೇನೆ. ಅವಳಿಗೆ ಪೂರ್ತಿ ಓದಿ ಹೇಳಿದ ಮೇಲೆಯೇ ಸಹಿ. ಕೆಲವರು ಸಿಟ್ಟಾಗಿ ಬೇರೆ ಅಂಗಡಿಗೆ ಹೋಗುತ್ತಾರೆ.

ಇದನ್ನು ಕಲಿತದ್ದು ಆ ಅಫಿಡವಿಟ್ ಬರೆದ ದಿನ. “ಈ ಸುಳ್ಳು ಪದ್ಮಳಿಗೆ ಗೊತ್ತಿರಲಿಲ್ಲ” ಎಂದು ಬರೆದು ಅವಳ ಮುಂದಿಟ್ಟೆ. ಅವಳು ನಿಧಾನವಾಗಿ ಓದಿದಳು. ಆ ಸಾಲಿನ ಮೇಲೆ ಬೆರಳಿಟ್ಟು, ಇದು ಪೂರ್ತಿ ಅಲ್ಲ ಎಂದಳು. ಅವಳು ಹೇಳಿದಂತೆ ಮುಂದೆ ಸೇರಿಸಿದೆ: “ಅವಳನ್ನು ಯಾರೂ ಕೇಳಲಿಲ್ಲ.”